ಪೆಲೆಟ್ ಡಬ್ಬಿಯ ಲೆಕ್ಕ ಹಾಕಿ ರೈಫಲ್ ಬದಲಿಸಿದೆ

ರಾಯಚೂರಿನಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಅಂಗಡಿಯ ಹಿಂದೆ, ಮೊದಲು ಹತ್ತಿ ತುಂಬಿಡುತ್ತಿದ್ದ ಉದ್ದನೆಯ ಗೋದಾಮು ಇದೆ. ಅಲ್ಲೇ ನಾನು ಮತ್ತು ಒಂಬತ್ತನೇ ಕ್ಲಾಸಿನ ನನ್ನ ಮಗಳು 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತೇವೆ. ಗುರಿಯ ನಡುವಿನ ಚುಕ್ಕಿ ಅರ್ಧ ಮಿ.ಮೀ. ಮಾತ್ರ, ಸಾಸಿವೆ ಕಾಳಿಗಿಂತ ಚಿಕ್ಕದು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಅವತ್ತು ಹಿಡಿದ ಹುಚ್ಚು ನನಗೆ ಇನ್ನೂ ಬಿಟ್ಟಿಲ್ಲ.

ಒಂದು ಪಂದ್ಯ ಅಂದರೆ 60 ಗುಂಡು. ಏರ್ ರೈಫಲ್‌ನ ಈ ಚಿಕ್ಕ ಸೀಸದ ಗುಂಡಿಗೇ ಪೆಲೆಟ್ ಅನ್ನುವುದು. ಮೊದಲು ಗುರಿ ಸರಿಮಾಡಿಕೊಳ್ಳಲು ಇನ್ನೊಂದು ಇಪ್ಪತ್ತು. ವಾರಕ್ಕೆ ಮೂರು ದಿನ ಹೊಡೆದರೆ ಒಬ್ಬರಿಗೆ 240, ಇಬ್ಬರಿಗೆ 480. ಡಬ್ಬಿಯಲ್ಲಿ ಬರುವುದು 500. ಹೆಚ್ಚೂಕಡಿಮೆ ವಾರಕ್ಕೊಂದು ಡಬ್ಬಿ ಖಾಲಿ. ಪಂದ್ಯದ ಒಳ್ಳೆಯ ಪೆಲೆಟ್‌ಗಳಲ್ಲಿ ಹೆಚ್ಚಿನವು ಜರ್ಮನಿಯಿಂದ ಬರುತ್ತವೆ. ಯೂರೋ ಏರಿದರೂ, ಸೀಸದ ದರ ಏರಿದರೂ ಹೊರೆ ನಮ್ಮ ಮೇಲೇ. ನಾನು ಶುರು ಮಾಡಿದಾಗ ಕೊಟ್ಟಿದ್ದಕ್ಕೂ ಈಗ ಕೊಡುವುದಕ್ಕೂ ಹತ್ತಿರ ಹತ್ತಿರ ಎರಡು ಪಟ್ಟು ವ್ಯತ್ಯಾಸ.

ಸಿಂಧನೂರಿನ ನಮ್ಮ ಕಾಕಾ ಬಳಿ ಅವರ ತಂದೆಯ ಕಾಲದ ಜೋಡಿ ನಳಿಗೆಯ 12 ಬೋರ್ ಬಂದೂಕು ಇದೆ. 2024ರ ಮೇ 7ರ ಮತದಾನಕ್ಕೆ ಮೊದಲು ಅದನ್ನು ಠಾಣೆಗೆ ಒಪ್ಪಿಸಿ ಬಂದ ದಿನ ನಮ್ಮ ಮನೆಗೆ ಬಂದಿದ್ದರು. ನನ್ನ ರೈಫಲ್ ಎತ್ತಿ ನೋಡಿ, "ಏನಪಾ ಇದು, ಇಷ್ಟೊಂದು ಸ್ಕ್ರೂ! ನಂದರಾಗ ಕೆಡೂದು ಏನೈತಿ?" ಎಂದರು. ಆ ಮಾತು ನಿಜ. ಆದರೆ ಅವರ ಕಾಡತೂಸಿನಲ್ಲಿ ಮದ್ದು ಇದೆ, ಗಟ್ಟಿ ಸೀಸದ ಚರೆ ಇದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಮದ್ದಿಗೆ ಜಗತ್ತಿನಲ್ಲೆಲ್ಲ ಬೇಡಿಕೆ ಏರಿತು. ಸೀಸವನ್ನು ಗಟ್ಟಿ ಮಾಡುವ ಆಂಟಿಮನಿಯ ರಫ್ತಿಗೆ 2024ರ ಸೆಪ್ಟೆಂಬರ್‌ನಲ್ಲಿ ಚೀನಾ ಕಡಿವಾಣ ಹಾಕಿತು. ನಮ್ಮ ಪೆಲೆಟ್‌ಗೆ ಮದ್ದಿನ ತಂಟೆ ಇಲ್ಲ, ಅಷ್ಟರಮಟ್ಟಿಗೆ ಬಚಾವು.

ಯಾವ ರೈಫಲ್ ಒಳ್ಳೆಯದು ಅಂತ ನಮ್ಮ ಗೆಳೆಯರಲ್ಲಿ ಜಗಳ ಮುಗಿಯುವುದೇ ಇಲ್ಲ. ಒಬ್ಬರಿಗೆ ವಾಲ್ತರ್, ಇನ್ನೊಬ್ಬರಿಗೆ ಫೈನ್‌ವರ್ಕ್‌ಬೌ. ಅಲ್ಯುಮಿನಿಯಂ ದಸ್ತಾ ಇಲ್ಲದಿದ್ದರೆ ಅಂಕ ಬರಲ್ಲ ಅನ್ನುವವರೂ ಇದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಕೆನ್ನೆ ಇಡುವ ಪಟ್ಟಿ ಮತ್ತು ಭುಜಕ್ಕೆ ತಾಗುವ ತುದಿ ನಮ್ಮ ಮೈಗೆ ತಕ್ಕಂತೆ ಹೊಂದಿದರೆ ಮರದ ದಸ್ತಾ ಸಾಕು. ನೋಡಬೇಕಾದದ್ದು ಬೇರೆ: ಗುಂಡಿಲ್ಲದೆ ಟ್ರಿಗರ್ ಎಳೆಯಲು ಆಗುತ್ತದಾ?

ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ನನ್ನ ಮೊದಲ ರೈಫಲ್ ನಳಿಗೆ ಮಡಚಿ ಸ್ಪ್ರಿಂಗ್ ಬಿಗಿಯುವಂಥದ್ದು. ಪೆಲೆಟ್ ಉಳಿಸೋಣ ಅಂತ ಒಂದು ಬೇಸಿಗೆ ಪೂರ್ತಿ ಅದನ್ನು ಖಾಲಿ ಹೊಡೆದೆ. ಪೆಲೆಟ್ ಇದ್ದರೆ ಪಿಸ್ಟನ್ ಮುಂದೆ ಗಾಳಿ ಒತ್ತಿಕೊಂಡು ಮೆತ್ತನೆಯ ದಿಂಬಿನಂತೆ ನಿಲ್ಲುತ್ತದೆ. ಪೆಲೆಟ್ ಇಲ್ಲದಿದ್ದರೆ ಪಿಸ್ಟನ್ ಹೋಗಿ ನೇರ ಕಬ್ಬಿಣಕ್ಕೇ ಗುದ್ದುತ್ತದೆ. ಬಿಚ್ಚಿ ನೋಡಿದರೆ ಸೀಲ್ ಹರಿದು ಚೂರಾಗಿತ್ತು, ಸ್ಪ್ರಿಂಗ್ ಎರಡು ತುಂಡು.

ಆಮೇಲೆ ಪಿಸಿಪಿ ಅಂದರೆ ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಡುವ ರೈಫಲ್ ತಗೊಂಡೆ, ಸೆಕೆಂಡ್ ಹ್ಯಾಂಡ್. ನಳಿಗೆಯ ತೂತು 4.5 ಮಿ.ಮೀ., ಗುಂಡಿನ ಶಕ್ತಿ 20 ಜೌಲ್ ಒಳಗಿನ ಏರ್ ರೈಫಲ್ ಆದ್ದರಿಂದ ಲೈಸೆನ್ಸ್ ಬೇಕಿಲ್ಲ. ಪಂದ್ಯದ ಪಿಸಿಪಿಗಳಲ್ಲಿ ಖಾಲಿ ಎಳೆಯಲೆಂದೇ ಬೇರೆ ವ್ಯವಸ್ಥೆ ಇರುತ್ತದೆ. ಗಾಳಿ ಖರ್ಚಾಗುವುದಿಲ್ಲ, ಟ್ರಿಗರ್ ಮಾತ್ರ ಅದೇ ಹದದಲ್ಲಿ ಬಿಡುತ್ತದೆ.

ತೊಂದರೆ ಇರುವುದು ಗಾಳಿ ತುಂಬಿಸುವುದರಲ್ಲಿ. 200 ಬಾರ್ ಒತ್ತಡ ಬೇಕು, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಆ ಕಡೆ ಸುಳಿಯುವುದೂ ಇಲ್ಲ. ಪಕ್ಕದ ವೆಲ್ಡಿಂಗ್ ಅಂಗಡಿಯವರು ಪ್ರೀತಿಯಿಂದ, "ನಮ್ಮ ಆಕ್ಸಿಜನ್ ಸಿಲಿಂಡರ್ ಐತಲ್ರೀ, ಅದರಿಂದ್ಲೇ ತುಂಬ್ಸೋಣು" ಎಂದರು. ಬೇಡವೇ ಬೇಡ ಎಂದೆ. ಅಷ್ಟು ಒತ್ತಡದ ಆಕ್ಸಿಜನ್ ಗ್ರೀಸಿಗೆ ತಾಗಿದರೆ ಸಿಡಿಯುತ್ತದೆ. ಕೊನೆಗೆ ಕೈಪಂಪು ತಂದೆ. ಸ್ವಲ್ಪ ಹೊತ್ತು ಒತ್ತಿ, ಪಂಪು ತಣ್ಣಗಾಗಲು ಬಿಟ್ಟು, ಮತ್ತೆ ಒತ್ತಬೇಕು. ನಮ್ಮ ಊರಿನ ಮೇ ತಿಂಗಳಲ್ಲಿ ಇದನ್ನು ಬೆಳಿಗ್ಗೆ ಆರಕ್ಕೇ ಮುಗಿಸಬೇಕು. ತುಂಬಿದ ಸಿಲಿಂಡರನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಯಾವತ್ತೂ ಬಿಡಬೇಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸಿಲಿಂಡರ್ ಮೇಲಿನ ತಾರೀಖನ್ನು ಮೊದಲು ಓದಿ. ಅವಧಿ ಮುಗಿದಿದ್ದರೆ ಅದನ್ನು ಬಳಸುವಂತಿಲ್ಲ.

ಈಗ ವಾರದಲ್ಲಿ ನಾಲ್ಕು ದಿನ ಬರೀ ಖಾಲಿ ಅಭ್ಯಾಸ. ಇದು ಸುಮ್ನೆ ಉಳಿತಾಯ ಅಂದುಕೊಂಡಿದ್ದೆ. ಎರಡನೇ ವಾರ ಮಗಳು ಹಿಂದೆ ನಿಂತು ನೋಡುತ್ತಿದ್ದವಳು, "ಅಪ್ಪಾ, ಕ್ಲಿಕ್ ಆದಕೂಡ್ಲೆ ನಿಂದು ನಳಿಗಿ ಎಡಕ್ಕ ಹೋಗ್ತದ" ಎಂದಳು. ನಾನು ನಂಬಲಿಲ್ಲ. ಮತ್ತೆ ಎಳೆದು, ಈ ಸಲ ಕಣ್ಣು ತೆಗೆಯದೆ ಗುರಿಯನ್ನೇ ನೋಡಿದೆ. ನಳಿಗೆಯ ತುದಿಯ ಉಂಗುರದೊಳಗೆ ಕಾಣುವ ಗುರಿಯ ಕಪ್ಪು ವೃತ್ತ ಕೂದಲೆಳೆಯಷ್ಟು ಬಲಕ್ಕೆ ಸರಿಯಿತು. ಅಂದರೆ ನಳಿಗೆ ಎಡಕ್ಕೆ ಹೋಗಿತ್ತು. ಬೆರಳು ಟ್ರಿಗರನ್ನು ನೇರ ಹಿಂದಕ್ಕೆ ಎಳೆಯದೆ ಓರೆಯಾಗಿ ತಳ್ಳುತ್ತಿತ್ತು. ಎಷ್ಟೋ ವರ್ಷಗಳಿಂದ ನನ್ನ ಗುಂಡು ನಡುವಿಗೆ ಬೀಳದೆ ಎಡಗಡೆಯ ಒಂಬತ್ತು ಅಂಕದ ಉಂಗುರಕ್ಕೇ ಬೀಳುತ್ತಿದ್ದುದಕ್ಕೆ ಕಾರಣ ಅದೇ. ಗುಂಡು ಹೊಡೆದಾಗ ಕಣ್ಣು ತೂತಿನ ಕಡೆ ಓಡುತ್ತದೆ, ಹಾಗಾಗಿ ಕಂಡಿರಲೇ ಇಲ್ಲ.

ಪೆಲೆಟ್ ಆರಿಸುವಾಗಲೂ ಹೀಗೇ ಕೂತು ನೋಡಿದೆ. 4.49, 4.50, 4.51 ಅಂತ ತಲೆಯ ಅಳತೆ ಬೇರೆ ಬೇರೆ ಇರುತ್ತದೆ. ಮರಳು ಚೀಲದ ಮೇಲೆ ರೈಫಲ್ ಇಟ್ಟು ಒಂದೊಂದರಲ್ಲೂ ಐದೈದು ಗುಂಡಿನ ಗುಂಪು ಹೊಡೆದೆ. ನನ್ನ ನಳಿಗೆಗೆ ಒಪ್ಪಿದ್ದು 4.50, ಅದೂ ಮಧ್ಯಮ ಬೆಲೆಯದ್ದು. ಎಲ್ಲಕ್ಕಿಂತ ದುಬಾರಿ ಡಬ್ಬಿಯ ಗುಂಡುಗಳು ಅದಕ್ಕಿಂತ ಹೆಚ್ಚು ಚದುರಿ ಬಿದ್ದವು. ನಿಮ್ಮ ನಳಿಗೆಗೆ ಬೇರೆಯದೇ ಒಪ್ಪಬಹುದು, ಹೊಡೆದೇ ನೋಡಬೇಕು.

ಭಾನುವಾರ ಮಾತ್ರ ಪೂರ್ತಿ ಪಂದ್ಯ, ಬುಧವಾರ ಮೂವತ್ತು ಗುಂಡು. ಇಬ್ಬರಿಗೂ ಸೇರಿ ವಾರಕ್ಕೆ 220, ತಿಂಗಳಿಗೆ ಎರಡು ಡಬ್ಬಿ. ಗುರಿಯ ಹಿಂದೆ ಓರೆಯಾಗಿ ನಿಲ್ಲಿಸಿದ ಕಬ್ಬಿಣದ ಹಲಗೆಯ ಕೆಳಗೆ ಸೀಸ ಬೀಳುತ್ತದೆ. ಹತ್ತು ಸಾವಿರ ಪೆಲೆಟ್‌ಗೆ ಐದು ಕಿಲೋ ದಾಟುತ್ತದೆ, ಅದನ್ನು ಗುಜರಿಗೆ ಕೊಡುತ್ತೇನೆ. ಸೀಸ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಮಗಳು ಊಟಕ್ಕೆ ಕೂರುವಂತಿಲ್ಲ.

ನನಗೆ ಒಪ್ಪಿದ ಲಾಟ್‌ನಲ್ಲಿ, ಅಂದರೆ ಒಂದೇ ಸಲ ತಯಾರಾದ ಕಂತಿನಲ್ಲಿ, ಇನ್ನು ಮೂರು ಡಬ್ಬಿ ಉಳಿದಿವೆ. ಅದೇ ಲಾಟ್ ನಂಬರ್ ಬೇಕು ಅಂತ ಅಂಗಡಿಯವರಿಗೆ ಹೇಳಿಟ್ಟಿದ್ದೇನೆ. ಸಿಗದಿದ್ದರೆ ಮರಳು ಚೀಲ ಮತ್ತೆ ಹೊರಗೆ ಬರುತ್ತದೆ.