ಕಿವಿಯಲ್ಲೇ ಕರಡು ತಿದ್ದುವುದು: ನನ್ನ ಅನುಭವ

ಕಣ್ಣು ಕಾಣದವರು ಬೆರಳಚ್ಚು ಮಾಡಬಹುದು, ಕರಡು ತಿದ್ದುವುದು ಮಾತ್ರ ಸಾಧ್ಯವಿಲ್ಲ ಎಂದವರಲ್ಲಿ ಮುದ್ರಣದವರೂ ಇದ್ದರು, ಕಣ್ಣು ಕಾಣದ ನಮ್ಮವರೂ ಇದ್ದರು. ಈಗ ನಾಲ್ಕೈದು ವರ್ಷದಿಂದ ಪುಟಕ್ಕಿಷ್ಟು ಎಂದು ದುಡ್ಡು ಪಡೆದೇ ಕನ್ನಡ ಕರಡು ತಿದ್ದುತ್ತಿದ್ದೇನೆ. ಎನ್‌ವಿಡಿಎ (ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ), ಇಸ್ಪೀಕ್ (ಅದರ ಕೃತಕ ಧ್ವನಿ), ವರ್ಡ್ ಬಳಸಿ ಕೈ ಪಳಗಿದವರಿಗಾಗಿ ಇದನ್ನು ಬರೆಯುತ್ತಿರುವುದರಿಂದ ಇನ್‌ಸ್ಟಾಲ್ ಮಾಡುವ ಪಾಠ ಇಲ್ಲಿಲ್ಲ.

ಮೊದಲ ವರ್ಷದ ಕೆಲಸವೆಲ್ಲ ಕೆಟ್ಟಿದ್ದು ಒಂದೇ ಕಾರಣಕ್ಕೆ. ಪುಸ್ತಕ ಕೇಳುವ ಹಾಗೆ ಕರಡನ್ನೂ ಕೇಳುತ್ತಿದ್ದೆ. ಇನ್ಸರ್ಟ್ ಜತೆ ಕೆಳಬಾಣ ಒತ್ತಿ ಓದಲು ಬಿಟ್ಟರೆ ಅರ್ಥ ಹರಿಯುತ್ತಾ ಹೋಗುತ್ತದೆ, ಕಿವಿ ತಪ್ಪನ್ನು ತಾನೇ ತಿದ್ದಿಕೊಂಡು ಮುಂದೆ ಸಾಗುತ್ತದೆ. ‘ಬರೆದಿದೆ’ ಎಂದಿರಬೇಕಾದಲ್ಲಿ ‘ಬರೆದಿದ್ದೆ’, ‘ಕೊಡು’ ಇರಬೇಕಾದಲ್ಲಿ ‘ಕೋಡು’, ಎಲ್ಲ ನುಸುಳಿ ಹೋದವು. 240 ಪುಟದ ಒಂದು ಪುಸ್ತಕಕ್ಕೆ ಪುಟಕ್ಕೆ 12 ರೂಪಾಯಿ ಮಾತಾಗಿತ್ತು. ಉಳಿದ ತಪ್ಪು ಎಣಿಸಿ ಅರ್ಧಕ್ಕಿಂತ ಹೆಚ್ಚು ಮುರಿದುಕೊಂಡರು.

ಆಮೇಲೆ ಧ್ವನಿ ಇಂಪಾಗಿದ್ದರೆ ಸರಿಹೋಗಬಹುದು ಎಂದುಕೊಂಡು ಎಡ್ಜ್ ಬ್ರೌಸರಿನ ಸಪ್ನಾ, ಗಗನ್ ಧ್ವನಿಗಳಲ್ಲಿ ಓದಿಸಿದೆ. ಕೆಲಸ ಇನ್ನೂ ಹಾಳಾಯಿತು. ಆ ಧ್ವನಿಗಳು ತಪ್ಪು ಪದವನ್ನೂ ಸರಾಗವಾಗಿ, ಭಾವ ತುಂಬಿ ಓದುತ್ತವೆ. ಕರಡಿಗೆ ಇಸ್ಪೀಕಿನ ಒರಟು ದನಿಯೇ ಬೇಕು. ಅದು ಇದ್ದದ್ದನ್ನು ಇದ್ದಂತೆ ಹೇಳುತ್ತದೆ.

ಕೊನೆಗೆ ಕೈಹಿಡಿದ ದಾರಿ ಬೇರೆಯೇ. ತಪ್ಪನ್ನು ಕಿವಿ ಹುಡುಕಬೇಕಾಗಿಲ್ಲ, ತಪ್ಪೇ ಸದ್ದು ಮಾಡುವಂತೆ ಮೊದಲು ವ್ಯವಸ್ಥೆ ಮಾಡಬೇಕು.

ಕಣ್ಣಿದ್ದವರು ಬೆರಳಚ್ಚು ಮಾಡಿದ ಕಡತಗಳ ದೊಡ್ಡ ರೋಗ ‘ಬೆ೦ಗಳೂರು’, ‘ಕನಾ೯ಟಕ’. ನೋಡುವವರಿಗೆ ಎರಡೂ ಸರಿಯಾಗೇ ಕಾಣುತ್ತವೆ. ಮೊದಲನೆಯದರಲ್ಲಿ ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆ, ಎರಡನೆಯದರಲ್ಲಿ ಅರ್ಕಾವತ್ತಿನ ಬದಲು ಅಂಕಿ ಒಂಬತ್ತು. ಇದು ಕಣ್ಣಿಗಿಂತ ಕಿವಿಗೆ ಬೇಗ ಸಿಗುವ ತಪ್ಪು. ಎನ್‌ವಿಡಿಎ ಪ್ರಿಫರೆನ್ಸಸ್‌ನಲ್ಲಿ ಚಿಹ್ನೆಗಳ ಉಚ್ಚಾರಣೆಯ ಕಿಟಕಿ ತೆರೆದು ‘ಆ್ಯಡ್’ ಒತ್ತಿ ೦ ಅಂಟಿಸಿ, ಬದಲಿ ಪದ ‘ಕಳ್ಳಸೊನ್ನೆ’ ಎಂದು ಕೊಡಿ. ಲೆವೆಲ್ ‘ನನ್’ ಇರಲಿ, ಆಗ ಚಿಹ್ನೆಗಳನ್ನು ಎಷ್ಟು ಓದಬೇಕೆಂದು ಇನ್ಸರ್ಟ್ ಪಿ ಒತ್ತಿ ಯಾವ ಮಟ್ಟ ಇಟ್ಟಿದ್ದರೂ ಅದು ಕೂಗುತ್ತದೆ. ‘ಬೆ ಕಳ್ಳಸೊನ್ನೆ ಗಳೂರು’ ಎಂದು ಕೇಳಿದ ಮೇಲೆ ಯಾರ ಕಿವಿಯೂ ಅದನ್ನು ದಾಟುವುದಿಲ್ಲ. ೯ಕ್ಕೂ ಹೀಗೇ ಒಂದು ಹೆಸರು ಕೊಡಿ. ಕಣ್ಣಿದ್ದವರು ಎರಡು ಸಲ ನೋಡಿ ‘ಕ್ಲೀನ್ ಇದೆ’ ಎಂದು ಕಳಿಸಿದ ಕಡತವೊಂದರಲ್ಲಿ ಇಂಥವು ಅರವತ್ತರ ಹತ್ತಿರ ಸಿಕ್ಕವು. ಆ ದಿನದಿಂದ ಅದನ್ನು ಕಳಿಸಿದವರು ಅನುಮಾನದ ಮಾತು ಆಡಿಲ್ಲ.

ಅನುಮಾನ ಬಂದ ಅಕ್ಷರದ ಮೇಲೆ ನಂಬರ್ ಪ್ಯಾಡಿನ 2 ಅನ್ನು ಬೇಗಬೇಗ ಮೂರು ಸಲ ಒತ್ತಿ. ಲ್ಯಾಪ್‌ಟಾಪ್ ಕೀಲಿ ವಿನ್ಯಾಸದಲ್ಲಾದರೆ ಎನ್‌ವಿಡಿಎ ಕೀ ಜತೆ ಚುಕ್ಕಿ. ಅಕ್ಷರದ ಸಂಖ್ಯೆ ಹೇಳುತ್ತದೆ. ಅನುಸ್ವಾರ 3202, ಅಂಕಿ ಸೊನ್ನೆ 3302, ಅಂಕಿ ಒಂಬತ್ತು 3311. ಈ ಮೂರು ಬಾಯಿಪಾಠವಾಗಿರಲಿ. ವರ್ಡಿನ ಫೈಂಡ್‌ನಲ್ಲಿ ಕ್ಯಾರೆಟ್ ಚಿಹ್ನೆ (^), ಇಂಗ್ಲಿಷಿನ ಸಣ್ಣ ಯು, ಅದಕ್ಕೆ ಅಂಟಿಕೊಂಡು 3302 ಎಂದು ಕೊಟ್ಟರೆ ನೇರ ಅಲ್ಲಿಗೇ ಹೋಗಬಹುದು. ಆದರೆ ರಿಪ್ಲೇಸ್ ಆಲ್ ಮಾತ್ರ ಒತ್ತಬೇಡಿ. ಕನ್ನಡ ಅಂಕಿ ಬಳಸಿದ ಕಡತದಲ್ಲಿ ‘೧೦೦ ರೂಪಾಯಿ’ ಎಂಬುದರ ಸೊನ್ನೆಗಳೂ ಅನುಸ್ವಾರವಾಗಿಬಿಡುತ್ತವೆ. ನನಗೆ ಹಾಗಾಗಿ ಒಂದು ಲೆಕ್ಕಪತ್ರದ ಅಧ್ಯಾಯವನ್ನು ಮೊದಲಿನಿಂದ ಮಾಡಬೇಕಾಯಿತು. ೯ರದ್ದು ಇನ್ನೂ ತೊಡಕು. ಅರ್ಕಾವತ್ತು ಕಾಣುವುದು ಅಕ್ಷರದ ಬಲಕ್ಕಾದರೂ ಅದರ ರಕಾರ ಕೂರಬೇಕಾದದ್ದು ಅಕ್ಷರಕ್ಕಿಂತ ಮುಂಚೆ. ಹಾಗಾಗಿ ೯ ತೆಗೆದು ಅದೇ ಜಾಗದಲ್ಲಿ ‘ರ್’ ಹಾಕಿದರೆ ‘ಕನಾರ್ಟಕ’ ಆಗುತ್ತದೆ. ಇದಕ್ಕೊಂದು ಮ್ಯಾಕ್ರೊ (ವರ್ಡ್ ತಾನೇ ನಡೆಸುವ ಆಜ್ಞೆಗಳ ಸರಣಿ) ಮಾಡಿಕೊಂಡಿದ್ದೇನೆ. ನನ್ನ ಅನ್ನ ಅದರಲ್ಲಿದೆ, ಆದ್ದರಿಂದ ಇಲ್ಲಿ ಕೊಡುವುದಿಲ್ಲ. ಕೈಯಲ್ಲಿ ತಿದ್ದಿದರೂ ಪುಟಕ್ಕೆ ಎರಡು ಮೂರು ನಿಮಿಷ ಹೆಚ್ಚಾದೀತು, ಅಷ್ಟೆ.

ಶಕಾರ ಷಕಾರದ ಗೋಳು ಬೇರೆ. ವೇಗದಲ್ಲಿ ಎರಡೂ ಒಂದೇ. ಇದಕ್ಕೆ ಯಾವುದನ್ನು ಹೇಗೆ ಓದಬೇಕೆಂದು ಎನ್‌ವಿಡಿಎಗೆ ಹೇಳಿಕೊಡುವ ಸ್ಪೀಚ್ ಡಿಕ್ಷನರಿಯ ‘ಟೆಂಪರರಿ’ ಬಳಸುತ್ತೇನೆ, ಎನ್‌ವಿಡಿಎ ಮುಚ್ಚಿ ತೆರೆದರೆ ತಾನೇ ಅಳಿದುಹೋಗುವುದರಿಂದ ಮಾಮೂಲಿ ಓದಿಗೆ ತೊಂದರೆಯಿಲ್ಲ. ಪ್ಯಾಟರ್ನ್ ಷ, ಬದಲಿಗೆ ಜಾಗ ಬಿಟ್ಟು ಟ, ಮತ್ತೆ ಜಾಗ ಬಿಟ್ಟು ಷ. ಗುರುತನ್ನು ಷಕಾರದ ಮುಂಚೆಯೇ ಹಾಕಬೇಕು, ನಂತರ ಹಾಕಿದರೆ ಏತ್ವ, ಕೊಂಬುಗಳು ತಬ್ಬಲಿಯಾಗುತ್ತವೆ. ‘ಭಾಷೆ’ ಆಗ ‘ಭಾ ಟ ಷೆ’ ಎಂದು ಕೇಳುತ್ತದೆ. ‘ದೇಶ’ದಲ್ಲಿ ಟ ಕೇಳಿದರೆ ತಪ್ಪು, ‘ವಿಶೇಷ’ದಲ್ಲಿ ಒಂದೇ ಸಲ ಕೇಳಬೇಕು. ಕ್ಷ ಬಂದಲ್ಲೆಲ್ಲ ಒಡೆದು ಕಿರಿಕಿರಿಯಾಗುತ್ತದೆ. ರೆಗ್ಯುಲರ್ ಎಕ್ಸ್‌ಪ್ರೆಶನ್ (ಹುಡುಕುವ ಮಾದರಿಗೆ ಷರತ್ತು ಹಾಕುವ ಬಗೆ) ಆಯ್ದುಕೊಂಡು, ಮುಂಚೆ ಹಲಂತದ ಚಿಹ್ನೆ ಇರುವ ಷಕಾರ ಬೇಡ ಎಂದು ಬರೆದುಕೊಂಡರೆ ಅದೂ ನಿಲ್ಲುತ್ತದೆ. ‘ಪೂರ್ತಿ ಪದ’ ಎಂಬ ಆಯ್ಕೆಯನ್ನು ಕನ್ನಡಕ್ಕೆ ನೆಚ್ಚಬೇಡಿ. ಪದದ ಕೊನೆಗೆ ಕೊಂಬೋ ಗುಡಿಸೋ ಬಂದರೆ ಅದನ್ನು ಅಕ್ಷರವೆಂದು ಲೆಕ್ಕಕ್ಕೇ ತೆಗೆದುಕೊಳ್ಳದೆ ಕೈಕೊಡುತ್ತದೆ. ಇದು ತಿಳಿಯದೆ ನಾಲ್ಕು ದಿನ ಹೋಯಿತು.

ಓದಿಸುವ ಕ್ರಮ ಹೀಗೆ. ವರ್ಡಿನಲ್ಲಿ ವೆಬ್ ಲೇಔಟ್, ಜೂಮ್ 250ರ ಸುಮಾರು. ಸಾಲಿಗೆ ಐದಾರು ಪದಕ್ಕಿಂತ ಹೆಚ್ಚು ಹಿಡಿಯಬಾರದು. ಕೆಳಬಾಣದಿಂದ ಒಂದೊಂದೇ ಸಾಲು ಕೇಳುವಾಗ ವಾಕ್ಯ ಅಲ್ಲಲ್ಲಿ ತುಂಡಾಗಿ ಅರ್ಥ ಕೈಗೆ ಸಿಗುವುದಿಲ್ಲ. ಅದೇ ಬೇಕಾದದ್ದು, ಅರ್ಥ ಸಿಗದಿದ್ದಾಗಲೇ ಕಿವಿ ಅಕ್ಷರದ ಕಡೆ ತಿರುಗುತ್ತದೆ. ಈ ಸುತ್ತಿಗೆ ಇಸ್ಪೀಕ್ ವೇಗ 35ರ ಹತ್ತಿರ. ತಾನಾಗಿ ಭಾಷೆ ಬದಲಿಸುವ ಆಯ್ಕೆಯನ್ನು ಆಫ್ ಮಾಡಿಡಿ, ಇಲ್ಲದಿದ್ದರೆ ಇಂಗ್ಲಿಷ್ ಎಂದು ಗುರುತಾಗಿರುವ ಕನ್ನಡ ಪ್ಯಾರಾ ಬಂದಾಗ ಧ್ವನಿ ಎಡವುತ್ತದೆ. ಆಮೇಲೆ ಎರಡನೆಯ ಸುತ್ತು, ವೇಗ 60, ಎಡೆಬಿಡದೆ. ಅದು ವಾಕ್ಯದೋಷಕ್ಕೆ, ಬಿಟ್ಟುಹೋದ ಪದಕ್ಕೆ. ಎರಡೂ ಸೇರಿ ಗಂಟೆಗೆ ಎಂಟೊಂಬತ್ತು ಪುಟ.

ಯಾವ ವೇಗದಲ್ಲೂ ಕೇಳಿಸದ್ದು ಪದದ ನಡುವಿನ ಜಾಗ. ‘ಪುಸ್ತಕ ಗಳು’, ‘ಮಾಡ ಬೇಕು’ ಧ್ವನಿಯಲ್ಲಿ ಕೂಡಿಯೇ ಬರುತ್ತವೆ. ಇವನ್ನು ಕೇಳಿ ಹಿಡಿಯುವ ಪ್ರಯತ್ನ ಬಿಟ್ಟು ಹುಡುಕಿ ಹಿಡಿಯಿರಿ: ಮೊದಲು ಒಂದು ಜಾಗ ಬಿಟ್ಟು ‘ಗಳು’, ‘ಗಳನ್ನು’, ‘ಬೇಕು’, ‘ಬಹುದು’, ‘ಕೂಡದು’. ನನ್ನ ಪಟ್ಟಿಯಲ್ಲಿ ಮೂವತ್ತರ ಮೇಲಿವೆ, ನಿಮ್ಮದು ನಿಮ್ಮ ಲೇಖಕರ ಅಭ್ಯಾಸ ನೋಡಿ ಬೆಳೆಯುತ್ತದೆ.

ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಕಡತ ಬಂದರೆ ಧ್ವನಿ ಇಂಗ್ಲಿಷ್ ಅಕ್ಷರಗಳ ಗೊಂದಲವನ್ನೇ ಓದುತ್ತದೆ. ಪರಿವರ್ತಕಕ್ಕೆ ಹಾಕಿದ ಮೇಲೂ ನಡುವೆ ಒಂದೆರಡು ಪದ ಹಳೆಯದರಲ್ಲೇ ಉಳಿದಿರುತ್ತವೆ. ಇನ್ಸರ್ಟ್ ಎಫ್ ಒತ್ತಿದಾಗ ಫಾಂಟಿನ ಹೆಸರು ‘ನುಡಿ 01 ಇ’ ಎಂದರೆ ಅಲ್ಲಿ ಕೈಹಾಕಿ. ಪರಿವರ್ತನೆಯ ಕಡತಕ್ಕೆ ಪುಟಕ್ಕೆ 5 ರೂಪಾಯಿ ಹೆಚ್ಚು ಕೇಳಿ, ಸಂಕೋಚ ಬೇಡ.

ಹೆಡ್‌ಸೆಟ್ಟಿನ ಮಾತು. ಬ್ಲೂಟೂತಿಗೆ 2,800 ಕೊಟ್ಟೆ. ಅದು ಮೌನದ ನಂತರದ ಮೊದಲ ಸದ್ದನ್ನು ನುಂಗುತ್ತದೆ, ಒಂದೇ ಅಕ್ಷರ ಕೇಳುವಾಗ ಏನೂ ಕೇಳಿಸುವುದಿಲ್ಲ. 1,100ರ ತಂತಿ ಹೆಡ್‌ಸೆಟ್ಟೇ ಇಂದಿಗೂ ಇದೆ.

ನಡುವೆ ಒಂದು ತಿಂಗಳು ಎರವಲು ತಂದ 20 ಸೆಲ್ಲಿನ ಬ್ರೈಲ್ ಡಿಸ್‌ಪ್ಲೇಯಲ್ಲೂ (ಪರದೆಯ ಅಕ್ಷರಗಳನ್ನು ಬೆರಳಿಗೆ ಸಿಗುವ ಉಬ್ಬು ಚುಕ್ಕಿಗಳಾಗಿ ಕೊಡುವ ಸಾಧನ, ಒಂದು ಸಲಕ್ಕೆ 20 ಬ್ರೈಲ್ ಅಕ್ಷರ) ಪ್ರಯೋಗ ಮಾಡಿದೆ. ಚುಕ್ಕಿಗಳ ಲೆಕ್ಕದಲ್ಲಿ ಶ 1-4-6, ಷ 1-2-3-4-6, ಲ 1-2-3, ಳ 4-5-6. ಬೆರಳಿಗೆ ಗೊಂದಲವೇ ಇಲ್ಲ. ಶ್ಲೋಕ, ವಚನ, ವ್ಯಕ್ತಿನಾಮಗಳ ಪಟ್ಟಿಗೆ ಇದಕ್ಕೆ ಸಮನಾದದ್ದಿಲ್ಲ. ಗದ್ಯಕ್ಕೆ ಮಾತ್ರ ನಿಧಾನ, ಗಂಟೆಗೆ ನಾಲ್ಕು ಪುಟವೂ ಆಗಲಿಲ್ಲ. ಬೆಲೆಯೂ ಎಟುಕುವಂಥದ್ದಲ್ಲ, ಕೊಳ್ಳಲು ದುಡ್ಡು ಕೂಡಿಡುತ್ತಿದ್ದೇನೆ.

ಪುಟ ಕಟ್ಟಿದ ಮೇಲಿನ ಪಿಡಿಎಫ್ ಒಪ್ಪಿಕೊಳ್ಳಬೇಡಿ. ಅದರೊಳಗಿನ ಕನ್ನಡ ಅಕ್ಷರಗಳ ಕ್ರಮ ಎಷ್ಟೋ ಸಲ ಕದಡಿರುತ್ತದೆ, ಅಚ್ಚಿನಲ್ಲಿ ಸರಿಯಿದ್ದದ್ದೂ ಕಿವಿಗೆ ತಪ್ಪಾಗಿ ಕೇಳುತ್ತದೆ. ತಿದ್ದುಪಡಿಯೆಲ್ಲ ವರ್ಡ್ ಕಡತದಲ್ಲೇ ಮುಗಿಯಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಈಗ ನನ್ನ ದರ ಪುಟಕ್ಕೆ 20. ಅದರಲ್ಲಿ 2 ರೂಪಾಯಿ ಕಣ್ಣಿರುವ ಒಬ್ಬ ವಿದ್ಯಾರ್ಥಿಗೆ ಹೋಗುತ್ತದೆ. ಪಿಡಿಎಫ್‌ನಲ್ಲಿ ಅವನು ನೋಡಬೇಕಾದದ್ದು ಮೂರೇ: ಸಾಲಿನ ಕೊನೆಯಲ್ಲಿ ಒಡೆದ ಪದ, ಚಿತ್ರದ ಕೆಳಗಿನ ಸಾಲು, ಪುಟಸಂಖ್ಯೆ.