ಬಿದ್ರಿಯ ಕಪ್ಪು ಬೂದಿಯಾಗದಿರಲು: ಹೊಸದಾಗಿ ಕ್ಯಾಮೆರಾ ಹಿಡಿದವರಿಗೆ

ಬಿದ್ರಿ ಹೂದಾನಿಯನ್ನು ಆಟೊ ಮೋಡ್‌ನಲ್ಲಿ ತೆಗೆದರೆ ಅದರ ಕಪ್ಪು ಮೈ ಬೂದಿಬಣ್ಣಕ್ಕೆ ತಿರುಗುತ್ತದೆ, ಬೆಳ್ಳಿಯ ಕುಸುರಿ ಬಿಳಿ ಮಚ್ಚೆಯಾಗುತ್ತದೆ. ಕಲಬುರಗಿಯ ಬುದ್ಧ ವಿಹಾರದ ಬಿಳಿ ಗುಮ್ಮಟ ತೆಗೆದರೆ ಉಲ್ಟಾ, ಗುಮ್ಮಟ ಮಾಸಿದ ಧೋತರದಂತೆ ಕಾಣುತ್ತದೆ. ಎರಡಕ್ಕೂ ಕಾರಣ ಒಂದೇ: ಕ್ಯಾಮೆರಾದ ಮೀಟರ್‌ ಎದುರಿಗೆ ಏನೇ ಇರಲಿ, ಅದನ್ನು ನಡುವಿನ ಬೂದಿಬಣ್ಣಕ್ಕೆ ಎಳೆದು ತರುತ್ತದೆ. ಆದ್ದರಿಂದ ಲೆನ್ಸ್‌ ಅಂಗಡಿಗೆ ಹೋಗುವ ಮೊದಲು ಕ್ಯಾಮೆರಾದ ಮೇಲಿರುವ, ಫೋಟೊದ ಬೆಳಕು ಹೆಚ್ಚು-ಕಡಿಮೆ ಮಾಡುವ +/- ಬಟನ್ ಹುಡುಕಿ. ಡಯಲ್‌ ಅನ್ನು A ಅಥವಾ Av ಗೆ (ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ನೀವು ಆರಿಸುವ ಮೋಡ್) ತಿರುಗಿಸಿ, ಕಪ್ಪು ವಸ್ತುವಿಗೆ −1, ಬಿಳಿಗೆ +0.7 ರಿಂದ ಶುರುಮಾಡಿ.

ನೆತ್ತಿಯ ಮೇಲೆ ಬಿಸಿಲಿದ್ದಾಗ ಮೀಟರ್‌ ನಂಬುವುದೇ ಬೇಡ. ಡಯಲ್ ಅನ್ನು M ಗೆ (ಎಲ್ಲವನ್ನೂ ನೀವೇ ಇಡುವ ಮೋಡ್) ತಿರುಗಿಸಿ. ಐಎಸ್‌ಒ (ಸೆನ್ಸರ್ ಬೆಳಕು ಹಿಡಿಯುವ ಚುರುಕು) 100, ಅಪರ್ಚರ್ ಎಫ್‌/8, ಶಟರ್ (ಬೆಳಕು ಒಳಬಿಡುವ ಸಮಯ) 1/400 ಸೆಕೆಂಡ್ ಇಡಿ. ಗುಮ್ಮಟ ಬಿಳಿಯಾಗಿಯೇ ಬರುತ್ತದೆ, ಕೋಟೆ ಗೋಡೆ ಗೋಡೆಯಂತೆಯೇ ಇರುತ್ತದೆ.

ಬಿದ್ರಿ ಸಾಮಾನಿಗೆ ಬಿಸಿಲೂ ಬೇಡ, ಫ್ಲಾಶೂ ಬೇಡ. ಉತ್ತರದ ಕಿಟಕಿ ಪಕ್ಕ ಮೇಜು ಹಾಕಿ. ಸತು ಮತ್ತು ತಾಮ್ರದ ಈ ಮಿಶ್ರಲೋಹ, ಅದರಲ್ಲಿ ಕೂರಿಸಿದ ಬೆಳ್ಳಿ, ಎರಡೂ ತಮ್ಮ ಎದುರಿಗೆ ಇರುವುದನ್ನೇ ತೋರಿಸುತ್ತವೆ. ಬೆಳ್ಳಿಗೆ ಕತ್ತಲೆ ಕೋಣೆ ಎದುರಾದರೆ ಅದೂ ಕಪ್ಪಾಗಿ ಕಾಣುತ್ತದೆ, ಕುಸುರಿ ಮಾಯ. ಹೊಸಬರು ಇಲ್ಲೇ ತಪ್ಪಿ ಇನ್ನೊಂದು ಬಲ್ಬ್ ಹಚ್ಚುತ್ತಾರೆ. ಹೂದಾನಿಯ ಮೇಲೆ ಬಲ್ಬಿನದೇ ಚುಕ್ಕೆ ಮೂಡುತ್ತದೆ. ಕಿಟಕಿಯ ಎದುರು ಬದಿಗೆ, ಹೂದಾನಿಯಿಂದ ಒಂದಡಿ ದೂರದಲ್ಲಿ ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿ ಮೆಲ್ಲಗೆ ಓರೆ ಮಾಡುತ್ತಾ ಹೋಗಿ. ಒಂದು ಕೋನದಲ್ಲಿ ಬೆಳ್ಳಿ ಗೆರೆಗಳೆಲ್ಲ ಒಮ್ಮೆಲೇ ಬೆಳಗುತ್ತವೆ. ಬಿಳಿ ಅಂಗಿ ಹಾಕಿಕೊಂಡು ತೆಗೆಯಬೇಡಿ, ನೀವೂ ಹೂದಾನಿಯಲ್ಲಿ ಕಾಣುತ್ತೀರಿ. 18-55 ಲೆನ್ಸ್‌ ಅನ್ನು 55ಕ್ಕೆ ತಿರುಗಿಸಿ, ಎಫ್‌/8 ಅಥವಾ 11, ಐಎಸ್‌ಒ 100, ಟ್ರೈಪಾಡ್, 2 ಸೆಕೆಂಡಿನ ಟೈಮರ್. ಟ್ರೈಪಾಡ್ ಇಲ್ಲವೇ? ಎರಡು ಇಟ್ಟಂಗಿ, ಮೇಲೊಂದು ಮಡಚಿದ ಟವೆಲ್.

ಪೋಲರೈಸರ್ ಫಿಲ್ಟರ್ ಲೋಹದ ಹೊಳಪನ್ನು ತೆಗೆಯುವುದಿಲ್ಲ, ಆ ಆಸೆಗೆ ಕೊಳ್ಳಬೇಡಿ. ಗಾಜಿನ ಮೆರುಗಿನ ಹೊಳಪನ್ನು ತೆಗೆಯುತ್ತದೆ. ಬೀದರಿನ ಮಹಮೂದ್ ಗವಾನ್ ಮದರಸಾದಲ್ಲಿ (1472) ಉಳಿದಿರುವ ಬಣ್ಣದ ಹೆಂಚುಗಳಿಗೆ ಅದು ಛಲೋ. ಆದರೆ ಗೋಡೆಗೆ ನೇರ ಎದುರು ನಿಂತು ತಿರುಗಿಸಿದರೆ ಏನೂ ಆಗದು, ಓರೆಯಾಗಿ ನಿಲ್ಲಬೇಕು. ಅಲ್ಲಿಯ ಮಿನಾರನ್ನು ಬುಡದಲ್ಲಿ ನಿಂತು ಕ್ಯಾಮೆರಾ ಎತ್ತಿ ತೆಗೆದರೆ ಅದು ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ದೂರ ಸರಿದು ಕ್ಯಾಮೆರಾ ಮಟ್ಟವಾಗಿ ಹಿಡಿಯಿರಿ. ಜಾಗವಿಲ್ಲದಿದ್ದರೆ ಎರಡೂ ಬದಿ ಧಾರಾಳ ಜಾಗ ಬಿಟ್ಟು ತೆಗೆಯಿರಿ, ಆಮೇಲೆ ನೆಟ್ಟಗೆ ಮಾಡುವಾಗ ಅಂಚು ಕತ್ತರಿಸಿಹೋಗುತ್ತದೆ.

ಕಲಬುರಗಿ ಕೋಟೆಯ ಜಾಮಿ ಮಸೀದಿಗೆ (1367) ತೆರೆದ ಅಂಗಳವಿಲ್ಲ, ಇಡೀ ಮಸೀದಿಗೆ ಚಾವಣಿ. ಒಳಗೆ ಕಮಾನುಗಳ ಸಾಲು ನೆರಳಲ್ಲಿ, ಹೊರಗೆ ಉರಿ ಬಿಸಿಲು. ಎರಡೂ ಒಂದೇ ಫೋಟೊದಲ್ಲಿ ಸರಿಯಾಗಿ ಕೂರುವುದು ಕಷ್ಟ. ರಾ ಫೈಲ್‌ನಲ್ಲಿ (ಕ್ಯಾಮೆರಾ ಕುಗ್ಗಿಸದೆ ಉಳಿಸುವ ಫೈಲ್), 18 ಎಂಎಂ, ಎಫ್‌/5.6, ಐಎಸ್‌ಒ 800 ಇಟ್ಟು, ಹೊರಗಿನ ಬೆಳಕು ಪೂರ್ತಿ ಸುಟ್ಟುಹೋಗದಷ್ಟು ಮೈನಸ್ ಮಾಡಿ. ನೆರಳನ್ನು ಎಡಿಟ್‌ನಲ್ಲಿ ಎತ್ತಬಹುದು, ಸುಟ್ಟುಹೋದ ಬಿಳಿ ವಾಪಸ್ ಬರುವುದಿಲ್ಲ. ಶಟರ್ 1/30ಕ್ಕಿಂತ ನಿಧಾನವಾದರೆ ಕಂಬಕ್ಕೆ ಒರಗಿ, ಉಸಿರು ಬಿಟ್ಟು ಒತ್ತಿ. ಸ್ಮಾರಕಗಳಲ್ಲಿ ಟ್ರೈಪಾಡ್ ಬಿಚ್ಚುವ ಮೊದಲು ಅಲ್ಲಿನ ಸಿಬ್ಬಂದಿಯನ್ನು ಕೇಳಿ.

ಎರಡನೇ ಲೆನ್ಸ್ ಎಂದರೆ ಎಲ್ಲರೂ 50 ಎಂಎಂ ಎಫ್‌/1.8 ಅನ್ನುತ್ತಾರೆ. ಕುಶಲಕರ್ಮಿಯ ಕೈ, ಮುಖ ತೆಗೆಯಲು ಸರಿ. ಬೀದರ್ ಬಳಿಯ ಅಷ್ಟೂರಿನ ಗೋರಿಗಳ ಒಳಗೆ ಮಾತ್ರ ಕೈಕೊಡುತ್ತದೆ, ಗೋಡೆಯ ಒಂದು ತುಂಡಷ್ಟೇ ಹಿಡಿಯುತ್ತದೆ. ಒಂದು ಮೀಟರ್ ದೂರದಲ್ಲಿ ಎಫ್‌/1.8 ಇಟ್ಟರೆ ಸುಮಾರು 3 ಸೆಂ.ಮೀ. ಆಳ ಮಾತ್ರ ಚೊಕ್ಕ ಕಾಣುತ್ತದೆ. ಕಣ್ಣು ಸರಿ, ಕಿವಿ ಮಂಜು. ಎಫ್‌/2.8ಕ್ಕೆ ಇಳಿಸಿ. ಉದ್ದ ಝೂಮ್ ಬೇಸಿಗೆಯ ಮಧ್ಯಾಹ್ನ ದಂಡ: ಕಾದ ನೆಲದ ಮೇಲೆ ಗಾಳಿ ಕುದಿಯುವುದರಿಂದ ದೂರದ ಬುರುಜು ನೀರಲ್ಲಿ ಅಲುಗಿದಂತೆ ಬರುತ್ತದೆ. ಬೆಳಗ್ಗೆ ಎಂಟರೊಳಗೆ ಮುಗಿಸಿ.

ಎಡಿಟ್ ಮಾಡುವಾಗ ಮೊದಲು ಬಣ್ಣ. ವೈಟ್ ಬ್ಯಾಲೆನ್ಸ್ ಡ್ರಾಪರ್ ಅನ್ನು (ಒತ್ತಿದ ಜಾಗವನ್ನು ಬಣ್ಣವಿಲ್ಲದ್ದೆಂದು ಹಿಡಿದು ಬಣ್ಣ ಸರಿಪಡಿಸುವ ಗುರುತು) ಬಿದ್ರಿಯ ಮೈಮೇಲೆ ಒತ್ತಬೇಡಿ, ಹೂದಾನಿ ಪಕ್ಕ ಒಂದು ಬಿಳಿ ಕಾಗದ ಇಟ್ಟು ತೆಗೆದ ಫೋಟೊದ ಮೇಲೆ ಒತ್ತಿ, ಅದೇ ಲೆಕ್ಕವನ್ನು ಉಳಿದವಕ್ಕೆ ಹಚ್ಚಿ. ಬೀದರ್ ಕೋಟೆಯ ಜಂಬಿಟ್ಟಿಗೆಯ ಕೆಂಪು ಆಟೊದಲ್ಲಿ ಸಪ್ಪೆಯಾಗುತ್ತದೆ. ಡೇಲೈಟ್ ಆರಿಸಿ, ಸ್ಯಾಚುರೇಶನ್ ಮುಟ್ಟಬೇಡಿ, ಗೋಡೆ ಕಿತ್ತಳೆ ಹಣ್ಣಾಗುತ್ತದೆ. ನಂತರ ಹೈಲೈಟ್ (ಬೆಳಕಿನ ಭಾಗ) ಇಳಿಸಿ, ಶಾಡೋ (ನೆರಳಿನ ಭಾಗ) +30, +40ರವರೆಗೆ ಏರಿಸಿ. ಅದಕ್ಕೂ ಮೇಲೆ ಹೋದರೆ ನೆರಳಲ್ಲಿ ಬಣ್ಣದ ಕಾಳು ಎದ್ದು ಕಾಣುತ್ತದೆ. ಬಿದ್ರಿಗೆ ಬ್ಲ್ಯಾಕ್ಸ್ (ಅತಿ ಕಪ್ಪು ಭಾಗ) ಇಳಿಸಿ, ಹೂದಾನಿಯ ಅಂಚು ಹಿನ್ನೆಲೆಯಲ್ಲಿ ಕರಗುವ ಮೊದಲೇ ನಿಲ್ಲಿಸಿ. ಕ್ಲ್ಯಾರಿಟಿ (ಗೆರೆ, ಅಂಚುಗಳನ್ನು ಎದ್ದು ಕಾಣಿಸುವ ಸ್ಲೈಡರ್) ಜಾಸ್ತಿಯಾದರೆ ಕಣ್ಣಿಗೆ ಕಾಣದ ಗೀರೂ ಕಾಣುತ್ತದೆ. ಮಾರುವ ಸಾಮಾನಿಗೆ ಇದು ನಷ್ಟ.

ಗಿರಾಕಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಕುಸುರಿಯ ಸಣ್ಣ ಗೆರೆಗಳು ದಾರಿಯಲ್ಲೇ ಉದುರಿಹೋಗುತ್ತವೆ.