ಬೆಂಗಳೂರಲ್ಲಿ ಕೂತು ಇರಾನಿನ ಹಳ್ಳಿಗಾಡಿನ ಬಗ್ಗೆ ಬರೆಯೋದು ಹೇಗೆ?

ಇರಾನ್ ಅಂದರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಯುದ್ಧದ ಸುದ್ದಿ, ಪೆಟ್ರೋಲ್ ರೇಟು, ಅಷ್ಟೇ. ಅಷ್ಟೇನೂ ದೂರದವರಲ್ಲ ಅವರು. ಕನ್ನಿಂಗ್‌ಹ್ಯಾಮ್ ರಸ್ತೆ ಪಕ್ಕ ಅಲಿ ಅಸ್ಕರ್ ರಸ್ತೆ ಇದೆ ಅಲ್ವಾ, ಆ ಅಸ್ಕರ್ ಇರಾನಿನ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದವರು, ದಿವಾನ್ ಮಿರ್ಜಾ ಇಸ್ಮಾಯಿಲರ ಅಜ್ಜ. ಇರಲಿ. ಅಲ್ಲಿನ ಒಂದು ಹಳ್ಳಿಗಾಡಿನ ಪರಿಚಯ ಕನ್ನಡದಲ್ಲಿ ಬರೆಯಬೇಕು ಅಂತಿದ್ದರೆ ಹೀಗೆ ಮಾಡಿ. ಉದಾಹರಣೆಗೆ ಕಜ್ವೀನ್ ಪ್ರಾಂತ್ಯದ ಅಲಾಮೂತ್ ಕಣಿವೆ ತಗೊಳ್ಳೋಣ.

ಮೊದಲು ಆಡಳಿತದ ಲೆಕ್ಕ. ಇರಾನಿನಲ್ಲಿ 31 ಪ್ರಾಂತ್ಯಗಳಿವೆ, ಅವು ಓಸ್ತಾನ್. ಅದರ ಕೆಳಗೆ ಶಹ್ರೆಸ್ತಾನ್, ಆಮೇಲೆ ಬಖ್ಶ್, ಆಮೇಲೆ ದೆಹೆಸ್ತಾನ್, ಕೊನೆಗೆ ಹಳ್ಳಿ. ಬಖ್ಶ್ ಹೆಚ್ಚುಕಡಿಮೆ ನಮ್ಮ ತಾಲೂಕು, ದೆಹೆಸ್ತಾನ್ ಹೋಬಳಿ. ಇಂಗ್ಲಿಷಿನವರು ಬಖ್ಶ್‌ಗೆ ಡಿಸ್ಟ್ರಿಕ್ಟ್ ಅಂತಾರೆ, ನೀವು ಸುಮ್ನೆ ‘ಜಿಲ್ಲೆ’ ಅಂತ ಬರೆದರೆ ಓದುವವರು ತುಮಕೂರಿನಷ್ಟು ದೊಡ್ಡದು ಅಂದುಕೊಳ್ಳುತ್ತಾರೆ.

ಒಂದೇ ಹೆಸರಿನ ಊರುಗಳ ಬಗ್ಗೆ ಹುಷಾರು. ಅಲಾಮೂತ್‌ನ ಬಖ್ಶ್‌ಗಳ ಹೆಸರಲ್ಲಿ ‘ರೂದ್‌ಬಾರ್’ ಇದೆ. ಗೀಲಾನ್ ಪ್ರಾಂತ್ಯದಲ್ಲೂ ಒಂದು ರೂದ್‌ಬಾರ್ ಇದೆ, ಆಲಿವ್‌ಗೆ ಹೆಸರಾದದ್ದು, 1990ರ ಭೂಕಂಪದಲ್ಲಿ ನೆಲಸಮವಾದದ್ದು. ಕೆರ್ಮಾನ್ ಕಡೆ ಇನ್ನೊಂದು. ಪ್ರಾಂತ್ಯದ ಹೆಸರು ಸೇರಿಸದೆ ಹುಡುಕಿದರೆ ಮೂರೂ ಕಲಸಿಕೊಳ್ಳುತ್ತವೆ.

ಭೂಗೋಳ ಬರೆಯುವಾಗ ನೀರಿನಿಂದ ಶುರು ಮಾಡಿ. ಅಲ್ಬೋರ್ಜ್ ಬೆಟ್ಟಗಳ ನಡುವೆ ಹರಿಯುವ ಅಲಾಮೂತ್ ಹೊಳೆ ತಾಲೆಕಾನ್ ಹೊಳೆ ಜೊತೆ ಸೇರಿ ಶಾಹ್‌ರೂದ್ ಆಗುತ್ತದೆ, ಅದು ಮಂಜೀಲ್ ಹತ್ತಿರ ಕೆಜೆಲ್ ಓಜಾನ್ ಸೇರಿ ಸೆಫೀದ್‌ರೂದ್ ಆಗಿ ಕ್ಯಾಸ್ಪಿಯನ್ ಸಮುದ್ರ ಮುಟ್ಟುತ್ತದೆ. ಈ ದಾರಿಯನ್ನು ಮ್ಯಾಪಿನಲ್ಲಿ ಬೆರಳಿಟ್ಟು ನೋಡಿ. ತಗ್ಗಿನಲ್ಲಿ ಭತ್ತ, ಮೇಲೆ ಚೆರ್ರಿ, ಅಕ್ರೋಟು ಯಾಕೆ ಅಂತ ತಾನಾಗೇ ಗೊತ್ತಾಗುತ್ತದೆ.

ಜನಸಂಖ್ಯೆಯಲ್ಲೇ ಜಾಸ್ತಿ ಜನ ಎಡವೋದು. ಮೊದಲ ದೇಶವ್ಯಾಪಿ ಜನಗಣತಿ 1956ರಲ್ಲಿ. 2006ರವರೆಗೆ ಹತ್ತು ವರ್ಷಕ್ಕೊಮ್ಮೆ, ಆಮೇಲೆ 2011, 2016. ಅವರ ದಾಖಲೆಯಲ್ಲಿ ವರ್ಷ ಇರಾನಿ ಕ್ಯಾಲೆಂಡರ್ ಲೆಕ್ಕದಲ್ಲಿ, 1395 ಅಂತ ಇರುತ್ತದೆ. ಅದಕ್ಕೆ 621 ಕೂಡಿಸಿದರೆ 2016. ಅವರ ಹೊಸ ವರ್ಷ ಮಾರ್ಚ್ 20ರ ಆಸುಪಾಸು ಶುರು, ಹಾಗಾಗಿ ಜನವರಿಯಿಂದ ಅಲ್ಲಿವರೆಗಿನ ತಾರೀಕಾದರೆ 622 ಕೂಡಿಸಿ. ಪರ್ಷಿಯನ್ ಅಕ್ಷರ ಬಲದಿಂದ ಎಡಕ್ಕೆ, ಅಂಕಿ ಮಾತ್ರ ನಮ್ಮ ಹಾಗೇ ಎಡದಿಂದ ಬಲಕ್ಕೆ. ಇನ್ನೊಂದು, ಎರಡು ಗಣತಿ ನಡುವೆ ಜನ ಅರ್ಧಕ್ಕೆ ಇಳಿದರೆ ತಕ್ಷಣ ‘ವಲಸೆ’ ಅಂತ ಬರೆಯಬೇಡಿ. ಕೆಲವು ಹಳ್ಳಿಗಳನ್ನು ತೆಗೆದು ಹೊಸ ಬಖ್ಶ್ ಮಾಡಿರಬಹುದು. ಗಡಿ ಬದಲಾಗಿದೆಯಾ ನೋಡಿ, ಅಂಕಿಯ ಪಕ್ಕ ಗಣತಿಯ ವರ್ಷ ಹಾಕಿ, ‘ಈಗ’ ಅಂತ ಬರೆಯಲೇಬೇಡಿ.

ಇತಿಹಾಸಕ್ಕೆ ಬಂದರೆ ಎಲ್ಲರೂ ಕೋಟೆ ಹತ್ತುತ್ತಾರೆ. 1090ರಲ್ಲಿ ಇಸ್ಮಾಯಿಲಿ ಶಿಯಾ ಪಂಗಡದ ನಾಯಕ ಹಸನ್ ಸಬ್ಬಾ ಅಲಾಮೂತ್ ಕೋಟೆ ಹಿಡಿದ, 1256ರಲ್ಲಿ ಹುಲಾಗುವಿನ ಮಂಗೋಲರ ಕೈಗೆ ಅದು ಬಿತ್ತು. ಅಲ್ಲಿನ ಗ್ರಂಥಾಲಯದಿಂದ ಬೇಕಾದ್ದನ್ನು ಆರಿಸಿಕೊಂಡು ಉಳಿದದ್ದನ್ನು ಸುಡಿಸಿದ್ದು ಇತಿಹಾಸಕಾರ ಜುವೈನಿ, ಅದನ್ನು ಅವನೇ ಬರೆದಿಟ್ಟಿದ್ದಾನೆ. ಕೋಟೆಯ ಒಡೆಯ ಹುಡುಗರಿಗೆ ಮದ್ದು ಕುಡಿಸಿ, ಸ್ವರ್ಗದಂಥ ತೋಟ ತೋರಿಸಿ ಕೊಲೆಗೆ ಕಳಿಸುತ್ತಿದ್ದ ಅನ್ನೋ ಕಥೆಯನ್ನು ಯುರೋಪಿಗೆ ಹಬ್ಬಿಸಿದ ಮಾರ್ಕೊ ಪೋಲೋಗೆ ಕೋಟೆ ಬಿದ್ದಾಗ ಎರಡು ವರ್ಷ! ಅದನ್ನು ಹಾಕಲೇಬೇಕಾದರೆ ದಂತಕಥೆ ಅಂತ ಹೇಳಿಯೇ ಹಾಕಿ. 1256ಕ್ಕೆ ನಿಲ್ಲಿಸಲೂ ಬೇಡಿ. 1962ರಲ್ಲಿ ಶುರುವಾದ ಭೂಸುಧಾರಣೆ, ಕಜ್ವೀನ್, ತೆಹ್ರಾನ್ ಕಡೆ ಕೆಲಸಕ್ಕೆ ಹೋದ ಜನ, ಇವಕ್ಕೂ ಒಂದು ಪ್ಯಾರಾ ಕೊಡಿ.